ಬೆಟಾಲಿಯನ್ನನ್ನು ಕಂಪ್ಯೂಟರಿಗೆ ಒಪ್ಪಿಸಿ ಚಹಾ ಕುಡಿಯುವುದು

ಕಂಪ್ಯೂಟರಿನಲ್ಲಿ ಯುದ್ಧದ ಆಟ ಆಡುವವರಲ್ಲಿ ಒಂದು ಪಂಗಡ ಇದೆ. ಪ್ರತಿಯೊಬ್ಬ ಸಿಪಾಯಿಯ ಕಿವಿ ಹಿಡಿದು ತಾವೇ ನಡೆಸಬೇಕು ಅವರಿಗೆ. ನಾನು ಆ ಪಂಗಡದವನಲ್ಲ. "ಆ ಸೇತುವೆ ಸಂಜೆಯೊಳಗೆ ನಮಗೆ ಬೇಕು" ಅಂತ ಹೇಳಿ, ಹೇಗೆ ಹೋಗುವುದು, ಯಾರು ಮುಂದೆ, ಯಾರು ಹಿಂದೆ ಎಲ್ಲವನ್ನೂ ಕಂಪ್ಯೂಟರಿಗೇ ಬಿಟ್ಟು ಚಹಾ ಮಾಡಲು ಏಳುವವನು. ನಾನು ಹೇಳುತ್ತಿರುವುದು ಎದುರಾಳಿ ಕಂಪ್ಯೂಟರಿನ ಬಗ್ಗೆ ಅಲ್ಲ, ಅದು ಎಲ್ಲ ಆಟದಲ್ಲೂ ಇದ್ದದ್ದೇ. ನಮ್ಮದೇ ಪಕ್ಷದ ಸೈನಿಕರನ್ನು, ನಮ್ಮದೇ ಟ್ಯಾಂಕುಗಳನ್ನು ಅದರ ಕೈಗೆ ಕೊಡುವ ಬಗ್ಗೆ. ಇದನ್ನೇ ಆಟದವರು ಎಐ ಅನ್ನುತ್ತಾರೆ. ಈಗ ಎಲ್ಲರ ಬಾಯಲ್ಲೂ ಇರುವ, ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಎಐ ಅಲ್ಲ ಮಾರಾಯ್ರೆ. ಇದು ಹಳೇ ಕಾಲದ್ದು, ಹೀಗಾದರೆ ಹೀಗೆ ಮಾಡು ಎಂದು ಯಾರೋ ಕೂತು ಬರೆದಿಟ್ಟ ನಿಯಮಗಳ ಕಂತೆ.

ನನಗೆ ವಯಸ್ಸು ಅರವತ್ತು ದಾಟಿತು. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಅಂತ ಕೇಳುವವರಿಗೆ ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ. ಸಯನ್‌ನಲ್ಲಿ ನನ್ನ ಓರಗೆಯವರು ಸಂಜೆ ಇಸ್ಪೀಟು ಆಡುತ್ತಾರೆ, ನಾನು ಇದನ್ನು ಆಡುತ್ತೇನೆ, ಅಷ್ಟೆ.

ಮನೆಯಲ್ಲಿ ತಂಗಿಯ ಮಗ ಇದ್ದಾನೆ. ಎರಡು ವರ್ಷದಿಂದ ನಮ್ಮಲ್ಲೇ ಇದ್ದುಕೊಂಡು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೆ ಕೆಲಸಕ್ಕೆ ಹೋಗುತ್ತಾನೆ. ಅವನ ಆಟ ಏಜ್ ಆಫ್ ಎಂಪೈರ್ಸ್‌ನ ಎರಡನೇ ಭಾಗ. 1999ರಲ್ಲಿ ಬಂದದ್ದು, ಅವನು ಹುಟ್ಟುವುದಕ್ಕಿಂತ ಮೊದಲಿನದು, ಆದರೂ ಜನ ಇನ್ನೂ ಬಿಟ್ಟಿಲ್ಲ. ಅವನು ಆಡುವಾಗ ಬೆರಳುಗಳು ಕೀಲಿಮಣೆಯ ಮೇಲೆ ಚಂಡೆಯ ಕೋಲಿನ ಹಾಗೆ ಓಡುತ್ತವೆ. ಒಬ್ಬೊಬ್ಬ ಬಿಲ್ಲುಗಾರನನ್ನೂ ಬಾಣ ತಾಗುವ ಮೊದಲು ಪಕ್ಕಕ್ಕೆ ಸರಿಸುತ್ತಾನೆ. ಅಂಥವನು ಒಂದು ದಿನ ನನ್ನ ಕುರ್ಚಿಯ ಹಿಂದೆ ಬಂದು ನಿಂತ. ಹತ್ತು ನಿಮಿಷವಾದರೂ ನಾನು ಮೌಸು ಮುಟ್ಟಲಿಲ್ಲ.

"ಎಂತ ಮಾವ, ನೀವು ಆಡುದಾ, ಸುಮ್ನೆ ಕಂಡ್ಕಂಡ್ ಕೂಕಂಬುದಾ?"

ಎರಡೂ ಅಂದೆ. ನಗಾಡಿಕೊಂಡು ಹೋದ.

ಒಂದು ಕಾರಣ ಕೈ. ಬಲಗೈ ಮಣಿಕಟ್ಟಿನ ನೋವು ಶುರುವಾಗಿ ಆರು ವರ್ಷವಾಯಿತು. ವಡಾಲಾದ ಲಾರಿ ಸಾಗಾಣಿಕೆ ಆಫೀಸಿನಲ್ಲಿ ಮೂವತ್ತು ವರ್ಷ ಬಿಲ್ಟಿ ಬರೆದು, ಆಮೇಲೆ ಅದನ್ನೇ ಕಂಪ್ಯೂಟರಿನಲ್ಲಿ ಕುಟ್ಟಿದ ಕೈ ಅದು. ಮೌಸು ಹಿಡಿಯುವುದನ್ನು ಆದಷ್ಟು ಕಡಿಮೆ ಮಾಡಿ ಅಂದರು ಡಾಕ್ಟರು. ನಿಮಿಷಕ್ಕೆ ನೂರು ಸಲ ಕ್ಲಿಕ್ ಮಾಡುವ ಆಟವೇ ಆಗಿದ್ದರೆ ನನ್ನ ಯುದ್ಧ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನಿಜ ಹೇಳಬೇಕೆಂದರೆ ಕೈ ನೋಯುವುದಕ್ಕಿಂತ ಬಹಳ ಮೊದಲೇ ಈ ರುಚಿ ಹತ್ತಿತ್ತು.

ಲ್ಯಾಮಿಂಗ್ಟನ್ ರಸ್ತೆಯಿಂದ ತಂದ ಒಂದು ಸಿಡಿಯಿಂದ ಅದು ಶುರುವಾದದ್ದು. ಕ್ಲೋಸ್ ಕಾಂಬ್ಯಾಟ್ ಅಂತ, 1996ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಆಟ. ನಾರ್ಮಂಡಿಯ ಬೇಲಿಸಾಲುಗಳ ನಡುವೆ ಒಂದಿಷ್ಟು ಅಮೆರಿಕನ್ ಸಿಪಾಯಿಗಳು, ಎದುರಿಗೆ ಜರ್ಮನರು. ಓಡಿಹೋಗಿ ಆ ಮನೆ ಹಿಡಿ ಅಂತ ಆಜ್ಞೆ ಕೊಟ್ಟೆ. ನಾಲ್ಕು ಹೆಜ್ಜೆ ಹೋದರು, ಮೆಷಿನ್ ಗನ್ ಶಬ್ದ ಕೇಳಿತು, ಅಷ್ಟೂ ಜನ ನೆಲಕ್ಕೆ ಅಂಟಿಕೊಂಡು ಮಲಗಿಬಿಟ್ಟರು. ಮತ್ತೆ ಹೇಳಿದೆ. ಏಳಲಿಲ್ಲ. ಒಬ್ಬ ಹಿಂದಕ್ಕೆ ಓಡಿಹೋದ, ಇನ್ನೊಬ್ಬ ಕೈ ಎತ್ತಿ ಶರಣಾದ. ಅಲ್ಲಿಯ ತನಕ ಕಂಪ್ಯೂಟರ್ ಆಟದ ಸಿಪಾಯಿ ಅಂದರೆ ಹೇಳಿದ್ದನ್ನು ಮಾಡುವ ಬೊಂಬೆ ಅಂದುಕೊಂಡಿದ್ದವನಿಗೆ ಇದು ಹೊಸದು. ಸಾಯಲು ಇಷ್ಟವಿಲ್ಲದ ಸಿಪಾಯಿ!

ಆಮೇಲೆ 2000ದಲ್ಲಿ ಕಾಂಬ್ಯಾಟ್ ಮಿಷನ್ ಬಂತು. ಇದರಲ್ಲಿ ಎರಡೂ ಪಕ್ಷದವರು ಮೊದಲು ಕೂತು ಆದೇಶ ಕೊಡಬೇಕು. ಆಮೇಲೆ ಅರವತ್ತು ಸೆಕೆಂಡು ಎಲ್ಲವೂ ಒಟ್ಟಿಗೆ ನಡೆಯುತ್ತದೆ. ಆ ಅರವತ್ತು ಸೆಕೆಂಡು ನಿಮ್ಮ ಕೈಯಲ್ಲಿ ಏನೂ ಇಲ್ಲ, ನೋಡಬಹುದು, ಅಷ್ಟೆ. ಟ್ಯಾಂಕು ತಿರುವು ದಾಟುತ್ತಲೇ ತನಗಿಂತ ದೊಡ್ಡ ಟ್ಯಾಂಕು ಎದುರಾದರೆ ಹೊಗೆ ಬಿಟ್ಟು ತಾನಾಗಿ ಹಿಂದೆ ಸರಿಯುತ್ತದೆ, ನಿಮ್ಮನ್ನು ಕೇಳುವುದಿಲ್ಲ. ಗುಂಡು ಬಿದ್ದ ಕೂಡಲೇ ಕಾಲಾಳುಗಳು ಹತ್ತಿರದ ಮರಗಳ ಕಡೆ ತೆವಳುತ್ತಾರೆ. ಆ ಮರಗಳು ಶತ್ರುವಿನ ಕಡೆಗೇ ಇದ್ದರೂ ಕೆಲವೊಮ್ಮೆ ಅಲ್ಲಿಗೇ ತೆವಳುತ್ತಾರೆ! ಬುದ್ಧಿಯೂ ಪೆದ್ದುತನವೂ ಒಂದೇ ನಿಮಿಷದಲ್ಲಿ. ಒಂದು ನಿಮಿಷ ಅಂದರೆ ಎಷ್ಟು ಉದ್ದ ಅನ್ನುವುದು ಸಯನ್ ಸ್ಟೇಷನ್ನಿನಲ್ಲಿ ಕಣ್ಣೆದುರೇ ಹೊರಟ ಲೋಕಲ್ಲಿನ ಹಿಂದೆ ಓಡಿದವರಿಗೆ ಗೊತ್ತು, ಇಲ್ಲವೇ ಈ ಆಟ ಆಡಿದವರಿಗೆ.

ಆದರೆ ನಾನು ಕೊನೆಗೆ ನೆಲೆಯಾದದ್ದು ಆಸ್ಟ್ರೇಲಿಯಾದ ಪ್ಯಾಂಥರ್ ಗೇಮ್ಸ್ ಎಂಬ ಪುಟ್ಟ ಸಂಸ್ಥೆಯ ಆಟಗಳಲ್ಲಿ. 2003ರ ಹೈವೇ ಟು ದಿ ರೈಖ್, ಆಮೇಲೆ ಅದರ ಮುಂದುವರಿಕೆಯಾಗಿ ಬಂದ ಕಮಾಂಡ್ ಆಪ್ಸ್. ನೋಡಲು ಏನೂ ಇಲ್ಲ, ಒಂದು ನಕ್ಷೆ, ಅದರ ಮೇಲೆ ಚೌಕದ ಬಿಲ್ಲೆಗಳು. ಮನೆಯಾಕೆ ಇದನ್ನು ನೋಡಿ ಮುನಿಸಿಪಾಲಿಟಿಯ ನೀರಿನ ಪೈಪಿನ ನಕ್ಷೆಯಾ ಅಂತ ಕೇಳಿದ್ದಳು. ಇದರಲ್ಲಿ ಬ್ರಿಗೇಡಿನ ಮುಖ್ಯಸ್ಥನಿಗೆ ಒಂದೇ ಆದೇಶ ಕೊಟ್ಟರೆ ಸಾಕು. ಅವನು, ಅಂದರೆ ಕಂಪ್ಯೂಟರು, ಅದನ್ನು ತನ್ನ ಬೆಟಾಲಿಯನ್ನುಗಳಿಗೆ ಹಂಚುತ್ತಾನೆ, ಅವರು ತಮ್ಮ ಕಂಪನಿಗಳಿಗೆ. ಎಲ್ಲಿ ಗುಂಪು ಸೇರಬೇಕು, ಯಾರು ನುಗ್ಗಬೇಕು, ಯಾರನ್ನು ಹಿಂದೆ ಇಟ್ಟುಕೊಳ್ಳಬೇಕು ಎಲ್ಲ ಅವರದೇ ಲೆಕ್ಕ. ನಾನು ಹೇಳಬಹುದಾದದ್ದು ಎಷ್ಟು ಜೋರಾಗಿ ನುಗ್ಗಬೇಕು, ಎಷ್ಟು ನಷ್ಟವಾದರೆ ನಿಲ್ಲಬೇಕು, ಮದ್ದುಗುಂಡು ಎಷ್ಟು ಧಾರಾಳ, ದಾರಿ ಬೇಗದ್ದಾಗಬೇಕೋ ಮರೆ ಇರುವುದಾಗಬೇಕೋ ಎನ್ನುವುದನ್ನು.

ಒಂದೊಂದು ಕಂಪನಿಗೂ ನಾನೇ ನೇರವಾಗಿ ಆದೇಶ ಕೊಡಬಹುದು, ಬೇಡ ಅನ್ನುವವರಿಲ್ಲ. ಆದರೆ ಒಬ್ಬ ಅಧಿಕಾರಿ ಇಂತಿಷ್ಟು ಘಟಕಗಳನ್ನು ಮಾತ್ರ ನಿಭಾಯಿಸಬಲ್ಲ ಅಂತ ಲೆಕ್ಕ ಇಟ್ಟಿದ್ದಾರೆ. ಅದಕ್ಕಿಂತ ಹೆಚ್ಚು ತಲೆಗೆ ಹಾಕಿಕೊಂಡರೆ ಆದೇಶ ತಲುಪುವುದು ತಡವಾಗುತ್ತಾ ಹೋಗುತ್ತದೆ. ಆ ತಡವನ್ನು ಎಷ್ಟು ಇಡಬೇಕು ಅಂತ ಆಯ್ಕೆ ಮಾಡುವಲ್ಲಿ ಒಂದು ಮಟ್ಟದ ಹೆಸರೇ "ನೋವಾಗುವಷ್ಟು ವಾಸ್ತವ". ನಾನು ಅದನ್ನೇ ಒತ್ತಿಕೊಂಡಿರುತ್ತೇನೆ. ಬೆಳಿಗ್ಗೆ ಹೇಳಿದ್ದು ಮಧ್ಯಾಹ್ನ ನಡೆಯುತ್ತದೆ.

ಈ ಆಟಗಳಿಗೆ ಆರ್ನೆಮ್‌ನ ಕದನ ಯಾಕೆ ಅಷ್ಟು ಇಷ್ಟ ಅನ್ನುವುದಕ್ಕೆ ಸ್ವಲ್ಪ ಇತಿಹಾಸ ಹೇಳಬೇಕು. 1944ರ ಸೆಪ್ಟೆಂಬರ್ 17, ಭಾನುವಾರ. ಹಾಲೆಂಡಿನ ಸೇತುವೆಗಳನ್ನು ಹಿಡಿಯಲು ಮಿತ್ರಪಡೆಗಳು ಆಕಾಶದಿಂದ ಸೈನಿಕರನ್ನು ಇಳಿಸಿದವು. ಎಲ್ಲಕ್ಕಿಂತ ದೂರದ ಸೇತುವೆ ಆರ್ನೆಮ್‌ನದ್ದು, ಅದು ಬ್ರಿಟಿಷರ ಒಂದನೇ ಏರ್‌ಬೋರ್ನ್ ಡಿವಿಷನ್ನಿನ ಪಾಲಿಗೆ ಬಂತು. ಇಳಿದದ್ದು ಸೇತುವೆಯಿಂದ ಸುಮಾರು ಹತ್ತು ಕಿಲೋಮೀಟರ್ ಆಚೆ. ಮೂರು ಬೆಟಾಲಿಯನ್ನುಗಳು ಮೂರು ದಾರಿ ಹಿಡಿದು ಊರಿನ ಕಡೆ ನಡೆದವು. ವೈರ್‌ಲೆಸ್ ಸೆಟ್ಟುಗಳು ಕೈಕೊಟ್ಟವು, ಯಾರು ಎಲ್ಲಿದ್ದಾರೆ ಅಂತ ಯಾರಿಗೂ ಗೊತ್ತಿಲ್ಲ. ಡಿವಿಷನ್ನಿನ ದಳಪತಿ ಅರ್ಕ್ಹಾರ್ಟ್ ತಾನೇ ನೋಡಿ ಬರುತ್ತೇನೆಂದು ಮುಂದೆ ಹೋದವರು ಜರ್ಮನರ ನಡುವೆ ಸಿಕ್ಕಿಬಿದ್ದು, ಯಾರದೋ ಮನೆಯ ಅಟ್ಟದಲ್ಲಿ ಅಡಗಿ ಕೂರಬೇಕಾಯಿತು. ಒಂದು ದಿನಕ್ಕೂ ಹೆಚ್ಚು ಹೊತ್ತು ಸಾವಿರಾರು ಜನರ ಸೈನ್ಯಕ್ಕೆ ದಳಪತಿಯೇ ಇಲ್ಲ.

ನದಿಯ ಪಕ್ಕದ ದಕ್ಷಿಣದ ದಾರಿ ಹಿಡಿದ ಜಾನ್ ಫ್ರಾಸ್ಟ್‌ರ ಬೆಟಾಲಿಯನ್ ಮಾತ್ರ ಸೇತುವೆಯ ಉತ್ತರದ ತುದಿ ತಲುಪಿತು. ಎಲ್ಲ ಸೇರಿ ಸುಮಾರು 740 ಜನ. ಅಲ್ಲಿಂದ ಮುಂದೆ ಅವರಿಗೆ ಯಾರ ಆದೇಶವೂ ಬಂದಿಲ್ಲ ಅಂದರೂ ನಡೆಯುತ್ತದೆ. ಸೇತುವೆ ಯಾಕೆ ಬೇಕು ಅನ್ನುವುದು ಗೊತ್ತಿತ್ತು, ಅಷ್ಟು ಸಾಕಾಯಿತು. ಎರಡು ದಿನದಲ್ಲಿ ಬರಬೇಕಾಗಿದ್ದ ಭೂಸೇನೆ ಬರಲೇ ಇಲ್ಲ. ಅವರು ನಾಲ್ಕನೇ ರಾತ್ರಿಯ ತನಕ ಹಿಡಿದು ನಿಂತರು. ಒಟ್ಟು ಹತ್ತು ಸಾವಿರ ಜನ ಹೋದ ಕಡೆಯಿಂದ ನದಿ ದಾಟಿ ಹಿಂದೆ ಬಂದವರು ಎರಡೂವರೆ ಸಾವಿರಕ್ಕಿಂತ ಕಡಿಮೆ. ಇಂಥ ಯುದ್ಧವನ್ನು ಆಕಾಶದಲ್ಲಿ ಕೂತ ದೇವರ ಹಾಗೆ ಎಲ್ಲವನ್ನೂ ನೋಡುತ್ತಾ, ಒಬ್ಬೊಬ್ಬನನ್ನೂ ಕ್ಲಿಕ್ ಮಾಡಿ ನಡೆಸಿದರೆ ಅದು ಆರ್ನೆಮ್ ಆಗುವುದಿಲ್ಲ. ಅಲ್ಲಿದ್ದ ಯಾರಿಗೂ ಹಾಗೆ ಕಂಡಿರಲಿಲ್ಲ.

ಹಾಗಂತ ದಳಪತಿ ದೂರ ಕೂತಿರಬೇಕು ಅಂತ ನಿಯಮವೇನಿಲ್ಲ. ನಮ್ಮ ಕೊಡಗಿನ ತಿಮ್ಮಯ್ಯನವರು 1948ರ ನವೆಂಬರ್ 1ರಂದು, ಹನ್ನೊಂದು ಸಾವಿರ ಅಡಿ ಮೀರಿದ ಜೋಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿದಾಗ ತಾವೇ ಮುಂದಿನ ಟ್ಯಾಂಕಿನಲ್ಲಿ ಇದ್ದದ್ದು ಪ್ರಸಿದ್ಧ. ಆ ಟ್ಯಾಂಕುಗಳನ್ನು ಜಮ್ಮುವಿನಿಂದ ಗುಟ್ಟಾಗಿ ಸಾಗಿಸಿದ ಕತೆಯೇ ಒಂದು ಪುಸ್ತಕಕ್ಕಾಗುವಷ್ಟಿದೆ. ಅದು ಇನ್ನೊಂದು ದಿನಕ್ಕೆ ಇರಲಿ.

ನಮ್ಮ ಸಯನ್ ಕೂಡ ಆದೇಶ ತಡವಾಗಿ ತಲುಪುತ್ತಿದ್ದ ಜಾಗವೇ. ಶೀವ್ ಅಂದರೆ ಮರಾಠಿಯಲ್ಲಿ ಗಡಿ. ಈಚೆ ಇಂಗ್ಲಿಷರ ಮುಂಬೈ, ಖಾರಿಯ ಆಚೆ ಪೋರ್ಚುಗೀಸರ ಸಾಷ್ಟಿ. ಗುಡ್ಡದ ಮೇಲಿನ ಕೋಟೆಯನ್ನು 1669ರಿಂದ 1677ರ ನಡುವೆ, ಜೆರಾಲ್ಡ್ ಆಂಜಿಯರ್ ಗವರ್ನರ್ ಆಗಿದ್ದಾಗ ಕಂಪನಿಯವರು ಕಟ್ಟಿದ್ದು. ಈಗ ಬುಡದಲ್ಲಿ ನೆಹರೂ ಉದ್ಯಾನ, ಮೇಲೆ ಮುರುಕು ಗೋಡೆ, ಪ್ರೇಮಿಗಳ ಹೆಸರುಗಳು. ಬೆಳಿಗ್ಗೆ ವಾಕಿಂಗಿಗೆ ಹತ್ತುತ್ತೇನೆ. ಅಲ್ಲಿ ಕಾವಲು ಇದ್ದವನು ಆಚೆ ದಡದಲ್ಲಿ ಏನೋ ಕಂಡು ಲಂಡನ್ನಿನ ಮಾತು ಕೇಳಿ ನಡೆಯೋಣ ಅಂದಿದ್ದರೆ? ಪತ್ರ ಹೋಗಲು ಹಡಗಿನಲ್ಲಿ ತಿಂಗಳುಗಟ್ಟಲೆ, ಉತ್ತರ ಬರಲು ಮತ್ತೆ ಅಷ್ಟೇ. ಅವನಿಗೆ ಕೊಟ್ಟಿರಬಹುದಾದದ್ದು ಉದ್ದೇಶ ಮಾತ್ರ, ಈ ಗಡಿ ಕಾಯಿ ಅಂತ.

ಮೂವತ್ತು ವರ್ಷ ನಾನು ಮಾಡಿದ ಕೆಲಸವೂ ಅದೇ. ಲಾರಿ ಕಳಿಸುವುದು. ಮೊಬೈಲ್ ಬರುವುದಕ್ಕೆ ಮುಂಚೆ ಲಾರಿ ಗೇಟು ದಾಟಿದ ಮೇಲೆ ಡ್ರೈವರು ದೇವರ ಪಾಲು. ಅವನಾಗಿ ಎಲ್ಲಾದರೂ ಎಸ್‌ಟಿಡಿ ಬೂತಿಗೆ ಹೋಗಿ ಫೋನು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೊಬೈಲ್ ಬಂದ ಮೇಲೆ ಒಂದು ದಿನ ಮಾತ್ರ ನಾವು ಮತ್ತೆ ಆ ಕಾಲಕ್ಕೆ ಹೋದೆವು. ಯಾವ ದಿನ ಅಂತ ಮುಂಬೈಯವರಿಗೆ ಹೇಳಬೇಕಾಗಿಲ್ಲ. 2005ರ ಜುಲೈ 26, ಮಂಗಳವಾರ.

ಬೆಳಿಗ್ಗೆ ಎಂದಿನ ಹಾಗೆ ಭಿವಂಡಿಗೆ ಫೋನು ಮಾಡಿ ಎರಡು ಲಾರಿಯವರಿಗೂ ಎಂದಿನ ಮಾತೇ ಹೇಳಿದ್ದೆ: ಬಟ್ಟೆಯ ಬೇಲು ತುಂಬಿಸಿ, ಇವತ್ತು ರಾತ್ರಿಯೊಳಗೆ ವಡಾಲಾ. ಆಗ ಆಕಾಶದಲ್ಲಿ ಅಂಥದ್ದೇನೂ ಇರಲಿಲ್ಲ. ಮಧ್ಯಾಹ್ನದ ಮೇಲೆ ಶುರುವಾಯಿತು ನೋಡಿ. ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಬಿತ್ತು ಅಂತ ಆಮೇಲೆ ಓದಿದೆವು. ಸಂಜೆ ಐದರ ಹೊತ್ತಿಗೆ ಫೋನುಗಳು ಸತ್ತವು. ನಾನು ವಡಾಲಾದಿಂದ ಸಯನ್‌ಗೆ ಸೊಂಟದ ನೀರಲ್ಲಿ, ಮುಂದಿನವನ ಭುಜ ಹಿಡಿದು, ರಾತ್ರಿ ಹನ್ನೊಂದಕ್ಕೆ ಮನೆ ಸೇರಿದೆ. ನಾಲ್ಕು ಕಿಲೋಮೀಟರ್ ಕೂಡ ಇಲ್ಲದ ದಾರಿ. ಲಾರಿಗಳ ಸುದ್ದಿ ಇಲ್ಲ.

ಒಬ್ಬ ಬಂದೇ ಬಂದ. ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಚುನಾಭಟ್ಟಿಯ ಹತ್ತಿರದ ತನಕ. ಅಲ್ಲಿ ಎಂಜಿನ್ನಿಗೆ ನೀರು ನುಗ್ಗಿ ಗಾಡಿ ನಿಂತಿತು. ಅವನೂ ಕ್ಲೀನರೂ ಲೋಡಿನ ಮೇಲೆ ಹತ್ತಿ ತಾಡಪತ್ರಿ ಸುತ್ತಿಕೊಂಡು ರಾತ್ರಿ ಕಳೆದರು. ಕೆಳಗಿನ ಎರಡು ಸಾಲು ಬೇಲು ಪೂರ್ತಿ ಒದ್ದೆ. ಇನ್ನೊಬ್ಬ ವಿಜಾಪುರ ಕಡೆಯವನು. ಅವನು ಮುಲುಂಡ್ ಚೆಕ್‌ನಾಕಾದ ಹತ್ತಿರ ಎತ್ತರದಲ್ಲಿದ್ದ ಒಂದು ಪೆಟ್ರೋಲ್ ಪಂಪಿನಲ್ಲಿ ಗಾಡಿ ಹಾಕಿ ಎರಡು ರಾತ್ರಿ ಅಲ್ಲೇ ಉಳಿದ. ಗುರುವಾರ ಬಂದಾಗ ಒಂದು ಬೇಲೂ ನೆನೆದಿರಲಿಲ್ಲ. ನಮ್ಮ ಸೇಠು ಮೊದಲು ಬೈದದ್ದು, ತಡವಾಗಿ ಬಂದ ಅಂತ, ಇವನನ್ನೇ! ಅವನು ಬೈಗುಳ ಎಲ್ಲ ಕೇಳಿಸಿಕೊಂಡು, ಸೇಠು ಹೋದ ಮೇಲೆ ನನಗೆ ಹೇಳಿದ:

"ಸಾಹೇಬ್ರ, ರಾತ್ರಿಯೊಳಗ ಮುಟ್ಟಸು ಅಂದ್ರಿ, ಖರೆ. ಅರಿವಿ ಹಸಿ ಆದ್ರ ಮುಟ್ಟಿಸಿ ಏನ್ ಮಾಡೂದೈತ್ರಿ?"

ಇಬ್ಬರಿಗೂ ಸಿಕ್ಕಿದ್ದು ಒಂದೇ ಮಾತು. ಒಬ್ಬ ಮಾತನ್ನು ಹಿಡಿದುಕೊಂಡ, ಇನ್ನೊಬ್ಬ ಮಾತಿನ ಹಿಂದಿದ್ದದ್ದನ್ನು. ಚುನಾಭಟ್ಟಿಯವನನ್ನು ನಾನು ದೂರುವುದಿಲ್ಲ, ಅವನು ಜೀವ ಕೈಯಲ್ಲಿ ಹಿಡಿದು ಹೇಳಿದ್ದನ್ನು ಮಾಡಿದವನು. ಆದರೆ ಈ ಆಟದ ಎಐಯನ್ನು ನೋಡಿದಾಗೆಲ್ಲ ನನಗೆ ನೆನಪಾಗುವುದು ಅವನೇ. ದಾರಿ ಬೇಗದ್ದಾಗಲಿ ಅಂದರೆ ಅದು ಬೇಗದ ದಾರಿಯನ್ನೇ ಹಿಡಿಯುತ್ತದೆ. ಎರಡೂ ಕಡೆ ಬಯಲು, ಮರೆಗೆ ಒಂದು ಗಿಡವೂ ಇಲ್ಲದ ಏರಿಯ ಮೇಲಿನ ರಸ್ತೆ, ತುದಿಯಲ್ಲಿ ಜರ್ಮನ್ ತೋಪು. ಎದ್ದು ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಒಂದು ಕಂಪನಿಯಲ್ಲಿ ಇಪ್ಪತ್ತು ಜನ ಉಳಿದಿರುತ್ತಾರೆ. ಬೇಗ ಅಂದದ್ದು ಯಾಕೆ ಅಂತ ಅದಕ್ಕೆ ಹೇಳಲು ಆಟದಲ್ಲಿ ಜಾಗವೇ ಇಲ್ಲ.

ತಾಳಮದ್ದಳೆ ಕೇಳಿ ಬೆಳೆದವರಿಗೆ ನಾನು ಹೇಳುತ್ತಿರುವುದು ಬೇಗ ತಿಳಿಯುತ್ತದೆ. ಭಾಗವತರು ನಾಲ್ಕು ಸಾಲಿನ ಪದ್ಯ ಹೇಳಿ ತಾಳ ಕೆಳಗಿಡುತ್ತಾರೆ. ಅಲ್ಲಿಂದ ಅರ್ಧ ಗಂಟೆ ಅರ್ಥಧಾರಿಯ ರಾಜ್ಯ. ಅವನ ಬಾಯಿಗೆ ಯಾರೂ ಮಾತು ಹಾಕಿಕೊಡುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕೂತರೆ ಅದೇ ಪದ್ಯಕ್ಕೆ ಇವತ್ತೊಂದು ಅರ್ಥ, ನಾಳೆ ಇನ್ನೊಂದು. ಆದರೆ ಪ್ರಸಂಗ ಎಲ್ಲಿಗೆ ಹೋಗಬೇಕು ಅನ್ನುವುದು ಅವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಕರ್ಣ ಎಷ್ಟೇ ವಾದ ಮಾಡಲಿ, ಕೊನೆಗೆ ರಥದ ಚಕ್ರ ಹೂಳಲೇಬೇಕು. ಆಟದ ಎಐಗೆ ಪದ್ಯ ಬಾಯಿಪಾಠ, ಪ್ರಸಂಗ ಗೊತ್ತಿಲ್ಲ.

ಹಾಗಾಗಿ ನನ್ನದೊಂದು ಪದ್ಧತಿ ಇದೆ. ಊರು ಕಾಯುವುದು, ರಸ್ತೆಯಲ್ಲಿ ನಡೆದುಹೋಗುವುದು, ತೋಪುಗಳಿಗೆ ಗುರಿ ಹಂಚುವುದು ಎಲ್ಲ ಎಐಗೆ. ಅದು ನನಗಿಂತ ಚೆನ್ನಾಗಿಯೇ ಮಾಡುತ್ತದೆ, ನಿದ್ದೆಗೆಡದೆ ಮಾಡುತ್ತದೆ. ಸೇತುವೆ ದಾಟುವುದು, ಕಾದಿರಿಸಿದ ಪಡೆಯನ್ನು ಯಾವಾಗ ಬಿಡಬೇಕು ಅನ್ನುವುದು ನನ್ನ ಹತ್ತಿರ. ದಾಳಿಗೆ ಹೊರಟರೆ ಒಂದು ಕಂಪನಿ ತಡವಾಯಿತು ಅಂತ ಇಡೀ ದಂಡು ಕಾಯುತ್ತಾ ನಿಂತುಬಿಡುವ ಅಭ್ಯಾಸ ಅದಕ್ಕಿದೆ, ಮದುವೆ ದಿಬ್ಬಣ ಭಾವನಿಗಾಗಿ ನಿಂತ ಹಾಗೆ. ಅಂಥ ಕಡೆ ನಾನೇ ಕೈ ಹಾಕುತ್ತೇನೆ, ಮಣಿಕಟ್ಟು ನೋಯಲಿ.

ಅಳಿಯನಿಗೂ ಒಂದು ಸಲ ಆಡಿಸಿದೆ. ಎರಡು ಕಂಪ್ಯೂಟರ್ ಜೋಡಿಸಿ, ಅವನು ಜರ್ಮನ್, ನಾನು ಬ್ರಿಟಿಷ್. ಅಭ್ಯಾಸಬಲ, ಇದ್ದಬದ್ದ ಕಂಪನಿಗಳಿಗೆಲ್ಲ ತಾನೇ ಆದೇಶ ಕೊಟ್ಟ. ಒಂದೂ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಎರಡನೇ ಭಾನುವಾರದ ಹೊತ್ತಿಗೆ ಅರ್ಧ ಸೈನ್ಯವನ್ನು ಎಐಗೆ ಬಿಟ್ಟು, ಮೂರೇ ಮೂರು ಕಂಪನಿಗಳನ್ನು ತಾನಿಟ್ಟುಕೊಂಡು ನನ್ನ ಸೇತುವೆ ಕಿತ್ತುಕೊಂಡ. ಚುರುಕು ಹುಡುಗ. ಆಟ ಮುಗಿದ ಮೇಲೆ ಸತ್ತವರ ಲೆಕ್ಕ ಬರುತ್ತದಲ್ಲ, ಅದನ್ನು ನೋಡುತ್ತಾ ಅವನೇ ಒಂದು ಮಾತು ಕೇಳಿದ: "ಇದ್ರಲ್ಲಿ ನಾನು ಕೊಂದದ್ದು ಎಷ್ಟು, ಅದು ಕೊಂದದ್ದು ಎಷ್ಟು ಮಾವ?"

ಆಟದಲ್ಲಿ ಹಾಗೆ ಬೇರೆ ಬೇರೆ ತೋರಿಸುವುದಿಲ್ಲ. ಆದರೆ ಮನಸ್ಸು ಆ ಲೆಕ್ಕ ಇಡುತ್ತದೆ, ನನಗೆ ಚೆನ್ನಾಗಿ ಗೊತ್ತು. ನಾನೇ ಆರಿಸಿದ ದಾರಿಯಲ್ಲಿ ಒಂದು ಕಂಪನಿ ನಾಶವಾದರೆ ಪರದೆಯ ಮೇಲಿನ ಬಿಲ್ಲೆಗೂ ಒಂದು ಕ್ಷಣ ಪಿಚ್ಚೆನ್ನಿಸುತ್ತದೆ. ಎಐ ಆರಿಸಿದ ದಾರಿಯಲ್ಲಿ ಆದರೆ "ಥೂ, ಪೆದ್ದು" ಅಂತ ಬೈದು ಚಹಾ ಹೀರುತ್ತೇನೆ. ಸತ್ತವರ ಸಂಖ್ಯೆ ಒಂದೇ. ಆ ಆರಾಮ ನನಗೆ ಅಷ್ಟು ಒಳ್ಳೆಯದು ಅನ್ನಿಸುವುದಿಲ್ಲ. ಆಟದಲ್ಲಿ ಹೋಗಲಿ ಬಿಡಿ, ನಿಜವಾದ ಶಸ್ತ್ರಗಳಲ್ಲೂ ಗುರಿ ಆರಿಸುವ ಕೆಲಸವನ್ನು ಯಂತ್ರಕ್ಕೆ ಬಿಡಬಹುದೇ ಅನ್ನುವ ಚರ್ಚೆ ವರ್ಷಗಳಿಂದ ನಡೆದಿದೆ. 2023ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅದರ ಬಗ್ಗೆ ನಿರ್ಣಯವನ್ನೇ ಮಾಡಿತು. ಅಲ್ಲಿ ಕೂತವರ ಮುಂದೆ ಚಹಾ ಇದ್ದೇ ಇರುತ್ತದೆ.

ಅಳಿಯನಿಗೆ ಹೇಳಿದೆ, ಎಲ್ಲವನ್ನೂ ನಿನ್ನ ಲೆಕ್ಕಕ್ಕೇ ಬರಕೋ ಮಾರಾಯ ಅಂತ. ಸೇತುವೆಯೂ ನಿನ್ನ ಲೆಕ್ಕಕ್ಕೇ ಬಂತಲ್ಲ! ಅವನು ಏನೂ ಹೇಳಲಿಲ್ಲ. ಮುಂದಿನ ಭಾನುವಾರ ಬ್ರಿಟಿಷರ ಪಕ್ಷ ತನಗೆ ಬೇಕು ಅಂದಿದ್ದಾನೆ. ದಕ್ಷಿಣದ ದಾರಿ ಎಲ್ಲಿಂದ ಶುರುವಾಗುತ್ತದೆ ಅಂತ ನಕ್ಷೆ ತೆಗೆದು ನೋಡುತ್ತಿದ್ದ ನಿನ್ನೆ ರಾತ್ರಿ.